ಕೊನೆಗೆ ಸ್ಕ್ಯಾನ್ ಮಾಡೋದೇ ಆದ್ರೆ ಫಿಲ್ಮ್ ಯಾಕೆ?

ಈ ಸಲ ಬಂದ ಪ್ರಶ್ನೆಗಳೆಲ್ಲ ಕಪ್ಪುಬಿಳುಪು ಫಿಲ್ಮ್ ಬಗ್ಗೆ.

ಪ್ರಶ್ನೆ: ಮಾವನವರ ಹಳೇ ಎಸ್‌ಎಲ್‌ಆರ್ ಕ್ಯಾಮೆರಾ ಕೈಗೆ ಬಂದಿದೆ. ಕಪ್ಪುಬಿಳುಪು ರೋಲ್ ಹಾಕುವ ಆಸೆ. ಆದರೆ ಗೆಳೆಯರು, ‘ಕೊನೆಗೆ ಸ್ಕ್ಯಾನ್ ಮಾಡಿಸಿ ಫೋನಲ್ಲೇ ತಾನೇ ನೋಡೋದು? ಡಿಜಿಟಲ್‌ನಲ್ಲಿ ಹೊಡೆದು ಬಣ್ಣ ತೆಗೆದುಬಿಡು’ ಅಂತಾರೆ. ನಿಜವಾಗಿ ವ್ಯತ್ಯಾಸ ಇದೆಯಾ ಸರ್?
(ಓದುಗರು, ಹಾಸನ)

ಉತ್ತರ: ಇದೆ. ಸ್ಕ್ಯಾನ್ ಮಾಡಿದ ಮೇಲೂ ಅದು ಉಳಿಯುತ್ತದೆ. ಯಾಕೆಂದರೆ ಚಿತ್ರ ಆಗುವುದು ನೆಗೆಟಿವ್‌ನಲ್ಲಿ. ಅಲ್ಲಿ ಇರುವುದನ್ನು ಓದುವುದಷ್ಟೇ ಸ್ಕ್ಯಾನರ್ ಕೆಲಸ.

ಮಧ್ಯಾಹ್ನದ ಬಿಸಿಲು. ಅಂಗಳದಲ್ಲಿ ಒಬ್ಬರು ಅಡಿಕೆ ಹರಡುತ್ತಿದ್ದಾರೆ. ಉಟ್ಟಿರುವುದು ಬಿಳಿ ಪಂಚೆ, ಹಿಂದೆ ಕತ್ತಲೆ ಜಗಲಿ. ಡಿಜಿಟಲ್ ಸೆನ್ಸರ್‌ನಲ್ಲಿ ಪಂಚೆಯ ಬೆಳಕು ಮಿತಿ ದಾಟಿತೆಂದರೆ ಮುಗಿಯಿತು, ಅಲ್ಲಿ ಬರೀ ಬಿಳಿ. ಫಿಲ್ಮ್‌ನಲ್ಲಿ ಚಿತ್ರ ಮೂಡುವುದು ಬೆಳ್ಳಿಯ ಕಣಗಳಿಂದ. ಬೆಳಕು ಹೆಚ್ಚಾದಂತೆ ಆ ಬೆಳ್ಳಿ ಕಟ್ಟುವ ವೇಗ ಮೆಲ್ಲಗೆ ಕಡಿಮೆಯಾಗುತ್ತದೆ, ಒಮ್ಮೆಲೇ ನಿಲ್ಲುವುದಿಲ್ಲ. ತೊಳೆದ ನೆಗೆಟಿವನ್ನು ಕಿಟಕಿಗೆ ಹಿಡಿದು ನೋಡಿ. ಅಲ್ಲಿ ಬಿಳಿ-ಕಪ್ಪು ತಿರುವುಮುರುವು, ಪಂಚೆ ಗಾಢ ಕಪ್ಪಾಗಿರುತ್ತದೆ. ಆದರೆ ಆ ಕಪ್ಪಿನೊಳಗೆ ಮಡಿಕೆಗಳ ಗೆರೆ ಇನ್ನೂ ಇರುತ್ತದೆ. ಬಿಳಿಯೊಳಗೂ ಬಿಳಿಯ ಬೇರೆ ಬೇರೆ ಹದ ಉಳಿಯುತ್ತದಲ್ಲ, ಫಿಲ್ಮ್ ಚಿತ್ರ ಕಣ್ಣಿಗೆ ಹಿತ ಅನ್ನಿಸಲು ದೊಡ್ಡ ಕಾರಣ ಅದು.

ಜಗಲಿಯ ಕಡೆ ಕಥೆ ಉಲ್ಟಾ. ಅಲ್ಲಿ ಸಾಕಷ್ಟು ಬೆಳಕು ಬಿದ್ದಿರದಿದ್ದರೆ ನೆಗೆಟಿವ್ ಪೂರ್ತಿ ಪಾರದರ್ಶಕವಾಗಿರುತ್ತದೆ. ಎಷ್ಟೇ ದುಬಾರಿ ಸ್ಕ್ಯಾನರ್ ತಂದರೂ ಅಲ್ಲಿಂದ ಏನೂ ಬರುವುದಿಲ್ಲ. ಹಾಗಾಗಿ ಡಿಜಿಟಲ್‌ನಲ್ಲಿ ಬೆಳಕನ್ನು ಕಾಯ್ದ ಹಾಗೆ ಫಿಲ್ಮ್‌ನಲ್ಲಿ ನೆರಳನ್ನು ಕಾಯಬೇಕು. ಸುಲಭ ದಾರಿ ಹೇಳುತ್ತೇನೆ: ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ಅಥವಾ ಕೊಡಾಕ್ ಟ್ರೈ-ಎಕ್ಸ್‌ನಂಥ 400 ಐಎಸ್‌ಒ (ಫಿಲ್ಮ್ ಬೆಳಕಿಗೆ ಎಷ್ಟು ಸ್ಪಂದಿಸುತ್ತದೆ ಅನ್ನುವ ಅಳತೆ) ರೋಲ್ ಹಾಕಿ, ಕ್ಯಾಮೆರಾದಲ್ಲಿ 200 ಅಂತ ಇಡಿ. ಒಂದು ಸ್ಟಾಪ್ ಬೆಳಕು ಜಾಸ್ತಿ, ಅಂದರೆ ಎರಡರಷ್ಟು ಬೀಳುತ್ತದೆ. ಈ ಫಿಲ್ಮ್‌ಗಳು ಅದನ್ನು ಆರಾಮವಾಗಿ ತಡೆದುಕೊಳ್ಳುತ್ತವೆ.

ಇನ್ನೊಂದು ವಿಷಯ. ಡಿಜಿಟಲ್ ಫೈಲ್‌ನಲ್ಲಿ ಬಣ್ಣ ಕೂತಿರುತ್ತದೆ, ಆಕಾಶ ಎಷ್ಟು ಕಪ್ಪಾಗಬೇಕು ಅನ್ನುವುದನ್ನು ಮನೆಗೆ ಬಂದ ಮೇಲೂ ನಿರ್ಧರಿಸಬಹುದು. ಕಪ್ಪುಬಿಳುಪು ಫಿಲ್ಮ್ ಬಣ್ಣವನ್ನು ಇಟ್ಟುಕೊಳ್ಳುವುದೇ ಇಲ್ಲ. ನೀಲಿ ಆಕಾಶ ಪೇಲವ ಆಗಬಾರದು ಅಂದರೆ ಲೆನ್ಸ್ ಮುಂದೆ ಹಳದಿ ಫಿಲ್ಟರ್ ಅಲ್ಲೇ, ಆಗಲೇ ಹಾಕಬೇಕು. 36 ಚಿತ್ರ ಅಂತ ಲೆಕ್ಕವಿಟ್ಟು ತೆಗೆಯುವ ಶಿಸ್ತಿನ ಬಗ್ಗೆ ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಇದು ದೊಡ್ಡದು. ಕಣ್ಣು ಬಣ್ಣ ಬಿಟ್ಟು ಬೆಳಕಿನ ಹಿಂದೆ ಹೋಗಲು ಕಲಿಯುತ್ತದೆ. ಎಂ.ವೈ. ಘೋರ್ಪಡೆ, ಟಿ.ಎನ್.ಎ. ಪೆರುಮಾಳ್ ಕಾಡಿನ ಚಿತ್ರಗಳನ್ನು ಕಪ್ಪುಬಿಳುಪಿನಲ್ಲಿ ತೆಗೆದವರು. ಸಿಕ್ಕರೆ ಅವನ್ನು ನಿಧಾನವಾಗಿ ನೋಡಿ, ಬೆಳಕು ಯಾವ ಕಡೆಯಿಂದ ಬಂದಿದೆ ಅಂತ ಗಮನಿಸಿ. ಅಲ್ಲಿ ಬಣ್ಣ ಬೇಕಿತ್ತು ಅಂತ ನನಗೆ ಒಮ್ಮೆಯೂ ಅನ್ನಿಸಿಲ್ಲ.

ಪ್ರಶ್ನೆ: ಲ್ಯಾಬ್‌ನವರು ಕೊಟ್ಟ ಸ್ಕ್ಯಾನ್‌ನಲ್ಲಿ ಕಪ್ಪು ಜಾಸ್ತಿ, ಮುಖಗಳೆಲ್ಲ ಸುಣ್ಣ ಬಳಿದ ಹಾಗಿವೆ. ಅದಕ್ಕೇ ಮನೆಗೆ ಸ್ಕ್ಯಾನರ್ ತಂದೆ. ಧೂಳು ತೆಗೆಯುವ ಆಪ್ಷನ್ ಆನ್ ಮಾಡಿದರೆ ಚಿತ್ರವೇ ಕಲಸಿ ಹೋಗುತ್ತದೆ. ಸ್ಕ್ಯಾನರ್ ಕೆಟ್ಟಿದೆಯಾ?
(ಓದುಗರು, ಮೈಸೂರು)

ಉತ್ತರ: ಕೆಟ್ಟಿಲ್ಲ, ಆ ಆಪ್ಷನ್ ಆಫ್ ಮಾಡಿ. ಅದು ಇನ್‌ಫ್ರಾರೆಡ್ ಬೆಳಕಿನಿಂದ ಧೂಳು ಹುಡುಕುತ್ತದೆ. ಬಣ್ಣದ ಫಿಲ್ಮ್ ತೊಳೆದ ಮೇಲೆ ಅದರಲ್ಲಿ ಬೆಳ್ಳಿ ಉಳಿಯುವುದಿಲ್ಲ, ಬರೀ ಬಣ್ಣ. ಅದರ ಮೂಲಕ ಇನ್‌ಫ್ರಾರೆಡ್ ಸಲೀಸಾಗಿ ಹಾದುಹೋಗುತ್ತದೆ, ಧೂಳಿದ್ದಲ್ಲಿ ಮಾತ್ರ ನಿಲ್ಲುತ್ತದೆ. ಕಪ್ಪುಬಿಳುಪಿನಲ್ಲಿ ಚಿತ್ರವೇ ಬೆಳ್ಳಿ. ಅದು ಇನ್‌ಫ್ರಾರೆಡ್‌ಗೂ ಅಡ್ಡ ನಿಲ್ಲುತ್ತದೆ. ಸ್ಕ್ಯಾನರ್ ಚಿತ್ರವನ್ನೇ ಧೂಳು ಅಂದುಕೊಂಡು ಒರೆಸಲು ಹೋಗುತ್ತದೆ! ಬಣ್ಣದ ಸಿ-41 ಕೆಮಿಕಲ್‌ನಲ್ಲಿ ತೊಳೆಯುವ ಕಪ್ಪುಬಿಳುಪು ಫಿಲ್ಮ್ ಇಲ್ಫೋರ್ಡ್ ಎಕ್ಸ್‌ಪಿ2 ಸೂಪರ್‌ಗೆ ಈ ತೊಂದರೆ ಇಲ್ಲ, ಅದರಲ್ಲೂ ಬೆಳ್ಳಿ ಉಳಿಯುವುದಿಲ್ಲ.

ಧೂಳನ್ನು ಮೊದಲೇ ತಡೆಯಬೇಕು. ರೋಲ್ ನೀವೇ ತೊಳೆಯುವುದಾದರೆ ಕೊನೆಯ ನೀರು ಬೋರ್‌ವೆಲ್‌ದು ಬೇಡ. ಗಡಸು ನೀರು ಒಣಗಿದಲ್ಲಿ ಬಿಳಿ ಕಲೆ ಕೂರುತ್ತದೆ, ಸ್ಕ್ಯಾನ್‌ನಲ್ಲಿ ಎದ್ದು ಕಾಣುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಲೀಟರ್ ತನ್ನಿ, ಕೊನೆಯ ಜಾಲಾಟ ಅದರಲ್ಲಿ. ಬಚ್ಚಲಲ್ಲಿ ಸ್ವಲ್ಪ ಬಿಸಿನೀರು ಬಿಟ್ಟು ಹಬೆ ಆಡಿಸಿ, ಗಾಳಿಯ ಧೂಳು ಕೆಳಗೆ ಕೂತ ಮೇಲೆ ಫಿಲ್ಮನ್ನು ಅಲ್ಲೇ ನೇತುಹಾಕಿ. ಸ್ಕ್ಯಾನ್‌ಗೆ ಮುಂಚೆ ಬ್ಲೋವರ್‌ನಿಂದ ಊದಿ, ಬಾಯಿಂದ ಬೇಡ.

ಈಗ ಸುಣ್ಣದ ಮುಖಗಳು. ಸಾಮಾನ್ಯವಾಗಿ ಲ್ಯಾಬ್‌ನ ಮಷಿನ್ ತಾನೇ ಕಾಂಟ್ರಾಸ್ಟ್ ಏರಿಸಿ ಜೆಪೆಗ್ ಕೊಡುತ್ತದೆ. ನೆಗೆಟಿವ್‌ನಲ್ಲಿ ಮುಖದ ಹದ ಬಹುಪಾಲು ಇದ್ದೇ ಇರುತ್ತದೆ. ನೀವು 16 ಬಿಟ್ ಗ್ರೇಸ್ಕೇಲ್, ಟಿಫ್ ಫೈಲ್ ಅಂತ ಇಡಿ. ಶಾರ್ಪನಿಂಗ್ ಬೇಡ. ಹಿಸ್ಟೋಗ್ರಾಂನ (ಕಪ್ಪಿನಿಂದ ಬಿಳಿವರೆಗಿನ ಹದಗಳ ನಕ್ಷೆ) ಎರಡೂ ತುದಿಯಲ್ಲಿ ಒಂದಿಷ್ಟು ಜಾಗ ಬಿಡಿ. ಬರುವ ಫೈಲ್ ಸಪ್ಪೆಯಾಗಿ, ಬೂದು ಬೂದಾಗಿ ಕಾಣುತ್ತದೆ. ಗಾಬರಿ ಆಗಬೇಡಿ, ಅದೇ ಒಳ್ಳೆಯ ಸ್ಕ್ಯಾನ್. ಕಪ್ಪಿನಿಂದ ಬಿಳಿಗೆ ಹೋಗಲು 8 ಬಿಟ್‌ನಲ್ಲಿ 256 ಮೆಟ್ಟಿಲು, 16 ಬಿಟ್‌ನಲ್ಲಿ 65,536, ಹಾಗಾಗಿ ತಿದ್ದಲು ಜಾಗ ಜಾಸ್ತಿ. ಆಮೇಲೆ ಎಡಿಟಿಂಗ್ ಸಾಫ್ಟ್‌ವೇರಿನ ಕರ್ವ್ಸ್‌ನಲ್ಲಿ ಮೊದಲು ಮುಖದ ಹದ ಸರಿಮಾಡಿ, ಕಪ್ಪನ್ನು ಕೊನೆಗೆ ಇಳಿಸಿ. ಹಿಂದೆ ಡಾರ್ಕ್‌ರೂಮಿನಲ್ಲಿ ಪ್ರಿಂಟ್ ಮಾಡುವವರು ಪೇಪರಿನ ಗ್ರೇಡ್ (ಕಾಂಟ್ರಾಸ್ಟ್ ಮಟ್ಟ) ಆರಿಸಿ ಮಾಡುತ್ತಿದ್ದ ಕೆಲಸವೇ ಇದು. ಇದನ್ನು ಮಷಿನ್‌ಗೆ ಬಿಡಬೇಡಿ, ಚಿತ್ರ ನಿಮ್ಮದಾಗುವುದೇ ಇಲ್ಲಿ.

ಸ್ಕ್ಯಾನರ್ ಡಬ್ಬಿಯ ಮೇಲಿನ ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ) ನಂಬಬೇಡಿ. ಫ್ಲಾಟ್‌ಬೆಡ್‌ಗಳು ಬರೆದುಕೊಂಡಿದ್ದಕ್ಕಿಂತ ತುಂಬಾ ಕಡಿಮೆ ವಿವರ ಕೊಡುತ್ತವೆ. 35 ಎಂಎಂ ಫ್ರೇಮಿಗೆ 2400 ಡಿಪಿಐ ಇಟ್ಟರೆ ಸುಮಾರು 8 ಮೆಗಾಪಿಕ್ಸೆಲ್ ಆಗುತ್ತದೆ, ಸಣ್ಣ ಪ್ರಿಂಟಿಗೆ ಸಾಕು.

ಮ್ಯಾಕ್ರೋ ಲೆನ್ಸ್ ಇದ್ದರೆ ಡಿಜಿಟಲ್ ಕ್ಯಾಮೆರಾದಿಂದಲೇ ನೆಗೆಟಿವ್ ಫೋಟೊ ತೆಗೆಯಬಹುದು. ನನಗೆ ಇದೇ ಹೆಚ್ಚು ಇಷ್ಟ, ಫಿಲ್ಮಿನ ಕಣಗಳು (ಗ್ರೇನ್) ಚೂಪಾಗಿ ಬರುತ್ತವೆ. ಕೆಳಗೆ ಎಲ್‌ಇಡಿ ಪ್ಯಾನೆಲ್, ಮೇಲೆ ಕ್ಯಾಮೆರಾ. ನೆಗೆಟಿವ್ ಇಡುವ ಜಾಗದಲ್ಲಿ ಮೊದಲು ಸಣ್ಣ ಕನ್ನಡಿ ಇಡಿ. ಲೆನ್ಸಿನ ಪ್ರತಿಬಿಂಬ ಫ್ರೇಮಿನ ನಟ್ಟನಡುವೆ ಕಂಡರೆ ಕ್ಯಾಮೆರಾ ನೇರವಾಗಿದೆ ಅಂತ ಅರ್ಥ. ಮಿಕ್ಕ ದೀಪ ಆರಿಸಿ, ಫ್ಯಾನ್ ಕೂಡ ಆಫ್ ಮಾಡಿ.

ಪ್ರಶ್ನೆ: ನಮ್ಮಲ್ಲಿ ಬೇಸಿಗೆಯಲ್ಲಿ ನಲ್ಲಿ ನೀರೇ ಬಿಸಿ. 20 ಡಿಗ್ರಿಯಲ್ಲಿ ಡೆವಲಪ್ ಮಾಡೋದು ಹೇಗೆ?
(ಓದುಗರು, ಕಲಬುರಗಿ)

ಉತ್ತರ: 24ರಲ್ಲಿ ಮಾಡಿ. ಎಚ್‌ಪಿ5 ಪ್ಲಸ್ ಅನ್ನು ಐಡಿ-11 ಡೆವಲಪರ್‌ನಲ್ಲಿ ಒಂದಕ್ಕೊಂದು ನೀರು ಸೇರಿಸಿ ತೊಳೆಯಲು 20 ಡಿಗ್ರಿಯಲ್ಲಿ 13 ನಿಮಿಷ, 24ರಲ್ಲಿ ಸುಮಾರು 9 ನಿಮಿಷ ಬೇಕು. ಟ್ಯಾಂಕನ್ನು ಐಸ್ ಹಾಕಿ 24ಕ್ಕೆ ಇಳಿಸಿದ ನೀರಿನ ಟಬ್‌ನಲ್ಲಿ ನಿಲ್ಲಿಸಿ. ಫಿಕ್ಸರ್, ತೊಳೆಯುವ ನೀರು ಎಲ್ಲವೂ ಹೆಚ್ಚುಕಡಿಮೆ ಅದೇ ಬಿಸಿಯಲ್ಲಿರಲಿ. ಡೆವಲಪ್ ಸಮಯ 5 ನಿಮಿಷಕ್ಕಿಂತ ಕಡಿಮೆಯಾದರೆ ಚಿತ್ರ ಒಂದೇ ಸಮ ಬರದೇ ಹೋಗಬಹುದು.

ಪ್ರಶ್ನೆ: ಅಪ್ಪ ಊಟಿಯ ‘ಇಂದು’ ಫಿಲ್ಮ್‌ನಲ್ಲಿ ತೆಗೆದ ನೆಗೆಟಿವ್‌ಗಳು ಸಿಕ್ಕಿವೆ. ಕೆಲವದರ ಮೇಲೆ ಬೂಸ್ಟು ಬಂದಿದೆ. ನೀರಲ್ಲಿ ತೊಳೆಯಬಹುದಾ?
(ಓದುಗರು, ಉಡುಪಿ)

ಉತ್ತರ: ದಯವಿಟ್ಟು ಬೇಡ. ಬೂಸ್ಟು ಜೆಲಾಟಿನ್, ಅಂದರೆ ಚಿತ್ರವನ್ನು ಹಿಡಿದಿಟ್ಟಿರುವ ಅಂಟಿನ ಪದರ ತಿನ್ನುತ್ತದೆ. ತಿಂದ ಜೆಲಾಟಿನ್ ನೀರಿನಲ್ಲಿ ಕರಗುತ್ತದೆ, ಚಿತ್ರವೂ ಅದರ ಜೊತೆ ಹೋಗುತ್ತದೆ. ಹೇಗಿವೆಯೋ ಹಾಗೇ ಮೊದಲು ಸ್ಕ್ಯಾನ್ ಮಾಡಿ. ಆಮೇಲೆ ಒಣ ಮೆತ್ತನೆ ಬ್ರಷ್‌ನಿಂದ ಮೆಲ್ಲಗೆ ಒರೆಸಿ.

‘ಇಂದು’ ಬ್ರ್ಯಾಂಡಿನ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ 1960ರಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆ, ಈಗ ಮುಚ್ಚಿದೆ. ಆ ಫಿಲ್ಮ್ ಇನ್ನು ತಯಾರಾಗುವುದಿಲ್ಲ, ಜೋಪಾನ ಮಾಡಿ. ಪಿವಿಸಿ ಕವರ್ ಬಿಟ್ಟು ಪಾಲಿಪ್ರೊಪಿಲೀನ್ ಕವರ್‌ಗೆ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಕರಾವಳಿಯ ಮಳೆಗಾಲದಲ್ಲಿ ಆ ಜೆಲ್ ಬೇಗ ತೇವ ಹೀರುತ್ತದೆ, ಆಗಾಗ ಬದಲಿಸಿ. ಯಾವುದಾದರೂ ನೆಗೆಟಿವ್‌ನಿಂದ ವಿನೆಗರ್ ವಾಸನೆ ಬಂದರೆ ಅದರ ಫಿಲ್ಮ್ ಬೇಸೇ ಕೆಡುತ್ತಿದೆ ಅಂತ ಅರ್ಥ. ಅದನ್ನು ಮಿಕ್ಕವುಗಳಿಂದ ದೂರ ಇಡಿ, ಸ್ಕ್ಯಾನ್ ಅದರಿಂದಲೇ ಶುರುಮಾಡಿ.