ಬಣ್ಣದ ಬೀಜಕ್ಕೆ ಅಜೋಸ್ಪಿರಿಲಮ್ ಹಚ್ಚಿದರೆ ಪ್ರಯೋಜನ ಕಡಿಮೆ

ನಮಸ್ಕಾರ ಅಣ್ಣಾ. ಜಗಳೂರು ಕಡೆ 2 ಎಕರೆ ಮಳೆಯಾಶ್ರಿತ ಮೆಕ್ಕೆಜೋಳ, ಹೋದ ವರ್ಷ ಬೀಜಕ್ಕೆ ಅಜೋಸ್ಪಿರಿಲಮ್ (ಗಾಳಿಯ ಸಾರಜನಕ ಹಿಡಿದು ಬೆಳೆಗೆ ಕೊಡುವ ಜೀವಾಣು ಗೊಬ್ಬರ) ಹಚ್ಚಿದರೂ ಫರಕ್ ಕಾಣಲಿಲ್ಲ, ಈ ಸಲ ಯೂರಿಯಾ ಪೂರ್ತಿ ಬಿಡಬಹುದಾ ಅಂತ ಕೇಳಿದ್ದೀರಿ.

ಬೀಜ ಕೆಂಪೋ ಹಸಿರೋ ಬಣ್ಣ ಇತ್ತಾ? ಪ್ಯಾಕೆಟ್ ಹೈಬ್ರಿಡ್ ಬೀಜಕ್ಕೆ ಸಾಮಾನ್ಯವಾಗಿ ಔಷಧಿ ಹಚ್ಚಿರುತ್ತಾರೆ. ಅದರ ಮೇಲೆ ಬೆಲ್ಲದ ನೀರಲ್ಲಿ ಕಲಸಿ ಹಚ್ಚಿದ ಜೀವಾಣು ಎಷ್ಟು ಉಳಿದೀತು? ಸುಮ್ನೆ ದುಡ್ಡು ದಂಡ.

ಅದರ ಬದಲು ಮಣ್ಣಿಗೇ ಕೊಡಿ. ಎಕರೆಗೆ 2 ಕೆಜಿ ಅಜೋಸ್ಪಿರಿಲಮ್, 2 ಕೆಜಿ ರಂಜಕ ಕರಗಿಸುವ ಜೀವಾಣು ಗೊಬ್ಬರ (ಪಿಎಸ್‌ಬಿ) ತಗೊಂಡು, ಒಂದು ಕ್ವಿಂಟಲ್ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ. ನೆರಳಲ್ಲಿ ಗುಡ್ಡೆ ಹಾಕಿ ಹಸಿ ಗೋಣಿಚೀಲ ಮುಚ್ಚಿಡಿ. ಮಳೆ ಬಿದ್ದು ಹದ ಬಂದ ದಿನ ಬಿತ್ತನೆ ಸಾಲಿಗೆ ಹಾಕಿ. ಒಣ ಮಣ್ಣಿಗೆ ಹಾಕಿದರೆ ಸಾಯುತ್ತವೆ. ಡಿಎಪಿ ಜೊತೆ ಕಲಸಬೇಡಿ.

ಕೊಳ್ಳುವಾಗ ತಾರೀಖು ನೋಡಿ. ಒಮ್ಮೆ ನಾನೇ ಪ್ಯಾಕೆಟ್‌ಗಳನ್ನು ಬೈಕಿನ ಟ್ಯಾಂಕ್ ಮೇಲಿಟ್ಟು ಮಧ್ಯಾಹ್ನವೆಲ್ಲ ಪೇಟೆ ಸುತ್ತಿದ್ದೆ. ಮನೆಗೆ ಬಂದಾಗ ಮುಟ್ಟಿದರೆ ಕೈ ಸುಡುತ್ತಿತ್ತು! ಅಷ್ಟು ಬಿಸಿಗೆ ಜೀವಾಣು ಸಾಯುತ್ತವೆ.

ಯೂರಿಯಾ ಪೂರ್ತಿ ಮಾತ್ರ ಬಿಡಬೇಡಿ. ಮೆಕ್ಕೆಜೋಳ ಭಾರಿ ಹಸಿವಿನ ಬೆಳೆ. ಮೊದಲ ವರ್ಷ ಕಾಲು ಭಾಗ ಕಡಿಮೆ ಮಾಡಿ, ಅದೂ ಅರ್ಧ ಎಕರೆಯಲ್ಲಿ. ಮೊಣಕಾಲುದ್ದ ಬೆಳೆದಾಗ, ಮಣ್ಣಲ್ಲಿ ಹಸಿ ಇದ್ದರಷ್ಟೇ ಮೇಲುಗೊಬ್ಬರ ಕೊಡಿ.

ಅಂಗಡಿಯವರು ರೈಜೋಬಿಯಂ ಕೊಟ್ಟರೆ ಬೇಡ ಅನ್ನಿ, ಅದು ಬೇಳೆಕಾಳಿಗೆ. ನಡುವೆ ತೊಗರಿ ಅಕ್ಕಡಿ ಹಾಕ್ತೀರಾದರೆ ಆ ಬೀಜಕ್ಕೆ ಹಚ್ಚಿ.