ಪೀಣ್ಯದ ಹೊಗೆಯಿಂದ ಇಂಧನ ಮಾಡಬಹುದೇ?

ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದ ಚಿಮಣಿಗಳ ಕಾರ್ಬನ್ ಡೈಆಕ್ಸೈಡನ್ನು ಬಿಸಿ ರಿಯಾಕ್ಟರಿಗೆ ಹಾಕಿ ಸಿನ್‌ಗ್ಯಾಸ್ (ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಸೇರಿದ, ಉರಿಯುವ ಅನಿಲ) ಮಾಡಲು ಸಾಧ್ಯವಿದ್ದರೆ ಯಾಕೆ ಎಲ್ಲರೂ ಮಾಡುತ್ತಿಲ್ಲ ಅಂತ ಕೇಳಿದ್ದೀರಿ. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಇದೇ ಕೆಲಸದ ಕುಲುಮೆಯ ಮುಂದೆ ಕೆಲವು ವರ್ಷ ಕೂತವನು ನಾನು.

ಸಾಧ್ಯವಿದೆ. ಆದರೆ ಕಾರ್ಬನ್ ಡೈಆಕ್ಸೈಡ್ ಅಂದರೆ ಉರಿದು ಮುಗಿದ ಇಂಗಾಲ, ಒಲೆಯ ಬೂದಿ ಇದ್ದ ಹಾಗೆ. ಅದನ್ನು ಮತ್ತೆ ಉರಿಯುವಂತೆ ಮಾಡಬೇಕಾದರೆ ಉರಿದಾಗ ಹೊರಬಂದ ಶಾಖವನ್ನು ವಾಪಸ್ ಕೊಡಲೇಬೇಕು. ಮೀಥೇನ್ ಜೊತೆ ಸೇರಿಸುವ ಡ್ರೈ ರಿಫಾರ್ಮಿಂಗ್ ತೆಗೆದುಕೊಳ್ಳಿ: 44 ಗ್ರಾಂ ಕಾರ್ಬನ್ ಡೈಆಕ್ಸೈಡಿಗೆ 247 ಕಿಲೋಜೂಲ್ ಶಾಖ ಬೇಕು, ಅದೂ 800 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ. ಮೀಥೇನ್ ಬದಲು ಹೈಡ್ರೋಜನ್ ಬಳಸಿದರೆ 41 ಕಿಲೋಜೂಲ್ ಸಾಕು, ಆದರೆ ಆ ಹೈಡ್ರೋಜನ್ ತಯಾರಿಸಲು ಆಗಲೇ ಶಕ್ತಿ ಖರ್ಚಾಗಿರುತ್ತದೆ. ಹಾಗಾಗಿ ಯಾರು ಏನೇ ತೋರಿಸಿದರೂ ನಾನು ಮೊದಲು ಕೇಳುವುದು ಶಾಖ ಎಲ್ಲಿಂದ ಬಂತು ಅಂತ. ಕಲ್ಲಿದ್ದಲ ಕರೆಂಟಿನಿಂದ ಕುಲುಮೆ ಕಾಯಿಸಿದರೆ ಹಿಡಿದದ್ದಕ್ಕಿಂತ ಹೆಚ್ಚು ಹೊಗೆ ಬಿಟ್ಟಂತಾಗುತ್ತದೆ.

ಇನ್ನೊಂದು ಕಷ್ಟ ಮಸಿಯದು. ಒಂದು ಸಂಜೆ ಕರೆಂಟ್ ಹೋಯಿತು. ಕುಲುಮೆ ಆರತೊಡಗಿತು, ಆದರೆ ಯುಪಿಎಸ್ ಮೇಲಿದ್ದ ಗ್ಯಾಸ್ ಕಂಟ್ರೋಲರ್‌ಗಳು ಅನಿಲ ಬಿಡುತ್ತಲೇ ಇದ್ದವು. ಕ್ರಿಯೆಯನ್ನು ವೇಗಗೊಳಿಸಲು ಹಾಕುವ ನಿಕ್ಕೆಲ್ ಕ್ಯಾಟಲಿಸ್ಟ್ ಮೇಲೆ ಇಂಗಾಲ ಅತಿ ಹೆಚ್ಚು ಕಟ್ಟುವುದು ಸುಮಾರು 550ರಿಂದ 700 ಡಿಗ್ರಿ ನಡುವೆ. ಮೀಥೇನ್ ಒಡೆದೂ ಇಂಗಾಲ, ಕಾರ್ಬನ್ ಮಾನಾಕ್ಸೈಡ್ ಮತ್ತೆ ಡೈಆಕ್ಸೈಡಿಗೆ ತಿರುಗುವಾಗಲೂ ಇಂಗಾಲ. ಕುಲುಮೆ ನಿಧಾನವಾಗಿ ಇಳಿದದ್ದು ಅದೇ ದಾರಿಯಲ್ಲಿ. ಬೆಳಿಗ್ಗೆ ನೋಡಿದರೆ ಕ್ವಾರ್ಟ್ಜ್ ಕೊಳವೆಯ ತುಂಬ ಗಟ್ಟಿ ಕಪ್ಪು. ಮೂರು ತಿಂಗಳ ಕ್ಯಾಟಲಿಸ್ಟ್ ಹೋಯಿತು. ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಚಿಮಣಿ ಹೊಗೆಯಲ್ಲಿ ಬಹುಪಾಲು ನೈಟ್ರೋಜನ್ ಇರುವುದರಿಂದ ಮೊದಲು ಕಾರ್ಬನ್ ಡೈಆಕ್ಸೈಡನ್ನು ಬೇರ್ಪಡಿಸುವ ಖರ್ಚೂ ಇದೆ.

ನಮ್ಮೂರಿನಲ್ಲಿ ನನಗೆ ಹೆಚ್ಚು ಭರವಸೆ ಕೊಟ್ಟದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಕೆಲಸ. ಅಲ್ಲಿ ಕೃಷಿ ತ್ಯಾಜ್ಯದಂಥ ಜೀವರಾಶಿಯನ್ನು ಆಮ್ಲಜನಕ ಮತ್ತು ಹಬೆಯಲ್ಲಿ ಕಾಯಿಸಿ ಸಿನ್‌ಗ್ಯಾಸ್ ಮಾಡಿ, ಒಂದು ಕಿಲೋ ಜೀವರಾಶಿಗೆ 100 ಗ್ರಾಂ ಹೈಡ್ರೋಜನ್ ಪಡೆದಿದ್ದಾರೆ. ಅದರೊಳಗೂ ಕೆಂಡದ ಮೇಲೆ ಹಾಯುವ ಕಾರ್ಬನ್ ಡೈಆಕ್ಸೈಡ್ ಮಾನಾಕ್ಸೈಡ್ ಆಗುತ್ತದೆ, ನೀವು ಕೇಳಿದ ಕ್ರಿಯೆಯೇ. ಶಾಖ ಮಾತ್ರ ಆ ತ್ಯಾಜ್ಯದಿಂದಲೇ ಬರುತ್ತದೆ.

ಕಾಲೇಜು ಪ್ರಾಜೆಕ್ಟಿಗೆ ಇದನ್ನು ಹಿಡಿಯುವುದಾದರೆ ದಯವಿಟ್ಟು ಕೇಳಿ: ಕಾರ್ಬನ್ ಮಾನಾಕ್ಸೈಡ್ ವಿಷಾನಿಲ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಫ್ಯೂಮ್ ಹುಡ್ (ಅನಿಲವನ್ನು ಹೊರಕ್ಕೆಳೆಯುವ ಗೂಡು) ಮತ್ತು ಅನಿಲದ ಅಲಾರಂ ಇಲ್ಲದ ಕೋಣೆಯಲ್ಲಿ ವಾಲ್ವ್ ತಿರುಗಿಸಬೇಡಿ. ಗ್ಯಾಸ್ ಲೈನಿಗೆ, ಕರೆಂಟ್ ಹೋದ ಕ್ಷಣವೇ ಮುಚ್ಚಿಕೊಳ್ಳುವ ವಾಲ್ವ್ ಹಾಕಿಸಿ.