ಫಿರಂಗಿ ಯಾವ ಕಡೆ ಇದೆ?

ಪ್ರಿಯ ಮಿತ್ರರೇ,

ಎರಡನೇ ಮಹಾಯುದ್ಧದ ಬಗ್ಗೆ ನೀವು ಬರೆದ ‘ಅಜ್ಜನ ಬರ್ಮಾ ಆಲ್ಬಮ್’ ಲೇಖನ ಮತ್ತು ಎರಡು ಫೋಟೋ ತಲುಪಿದವು. ಈಗಿರುವ ಹಾಗೆ ಇದನ್ನು ಹಾಕಲಾರೆ. ಸುಮ್ನೆ ‘ವಿಷಾದವಿದೆ’ ಅಂತ ವಾಪಸ್ ಕಳಿಸಲು ಮನಸ್ಸಾಗಲಿಲ್ಲ, ಅದಕ್ಕೇ ಈ ಉದ್ದದ ಪತ್ರ.

ಮೊದಲು ಎರಡನೇ ಫೋಟೋ. ಅದು ಎಂ3 ಲೀ ಟ್ಯಾಂಕ್ ಅಂತ ಸರಿಯಾಗಿಯೇ ಗುರುತಿಸಿದ್ದೀರಿ. ಲೀಗೆ ಎರಡು ಫಿರಂಗಿ. ಮೇಲೆ, ಸುತ್ತ ತಿರುಗುವ ಗೋಪುರದಂಥ ಟರೆಟ್‌ನಲ್ಲಿ 37 ಮಿ.ಮೀ.ನ ಚಿಕ್ಕದು, ಕೆಳಗೆ ಮೈಯ ಬಲಭಾಗದಲ್ಲಿ 75 ಮಿ.ಮೀ.ನ ದೊಡ್ಡದು. ಎದುರಿನಿಂದ ನೋಡಿದರೆ ದೊಡ್ಡದು ನಮ್ಮ ಎಡಕ್ಕೆ ಕಾಣಬೇಕು. ನಿಮ್ಮ ಫೋಟೋದಲ್ಲಿ ಬಲಕ್ಕಿದೆ. ಇದನ್ನು ಗಮನಿಸಿದ್ದಕ್ಕೆ ಶಭಾಷ್. ಆದರೆ ಅದರ ಮೇಲೆ ಒಂದೂವರೆ ಪುಟ ಕಟ್ಟಿದ್ದೀರಲ್ಲ, ‘ಯಾವ ಪುಸ್ತಕದಲ್ಲೂ ಇಲ್ಲದ ಗುಪ್ತ ಮಾದರಿ’ ಅಂತ! ಓದುತ್ತಾ ನನಗೂ ಒಂದು ಗಳಿಗೆ ಆಸೆಯಾಯಿತು. ಆಮೇಲೆ ಪಕ್ಕದಲ್ಲಿ ನಿಂತ ಸೈನಿಕನ ಅಂಗಿ ನೋಡಿದೆ. ಗುಂಡಿಪಟ್ಟಿ ಹೆಂಗಸರ ಅಂಗಿಯ ಹಾಗೆ ಬಲಗಡೆಯದು ಮೇಲೆ ಬಂದಿದೆ. ಹಿಂದಿನ ಜೀಪಿನ ಸ್ಟಿಯರಿಂಗ್ ಬಲಕ್ಕಿದೆ. ಆ ಯುದ್ಧದ ಜೀಪುಗಳಲ್ಲಿ ಅದು ಎಡಕ್ಕೆ ಇರುತ್ತಿತ್ತು. ಪ್ರಿಂಟ್ ಹಾಕುವಾಗ ಯಾರೋ ನೆಗೆಟಿವ್ ತಿರುವಿಬಿಟ್ಟಿದ್ದಾರೆ, ಅಷ್ಟೇ. ಫೋಟೋವನ್ನು ಕನ್ನಡಿಗೆ ಹಿಡಿಯಿರಿ, ಫಿರಂಗಿ ತನ್ನ ಜಾಗಕ್ಕೆ ಹೋಗುತ್ತದೆ.

ಇನ್ನು ಮೊದಲ ಫೋಟೋ. ‘ಇಂಫಾಲ, 1944. ಅಮೆರಿಕನ್ ಸೇನೆಯ ಶರ್ಮನ್’ ಅಂತ ಬರೆದಿದ್ದೀರಿ. ಶರ್ಮನ್ ಟ್ಯಾಂಕ್ ಹೌದು. ಬಿಳಿ ನಕ್ಷತ್ರ ಇದೆ ಅಂತ ಅಮೆರಿಕನ್ ಸೇನೆ ಅಂದುಬಿಟ್ಟಿರಿ. ಆ ನಕ್ಷತ್ರ ಮಿತ್ರಪಕ್ಷದವರೆಲ್ಲರ ಗುರುತಾಗಿತ್ತು, ಬ್ರಿಟಿಷ್ ಮತ್ತು ಭಾರತೀಯ ವಾಹನಗಳ ಮೇಲೂ ಇರುತ್ತಿತ್ತು. ಟರೆಟ್ ಮೇಲಿನ ತ್ರಿಕೋನದ ಬಗ್ಗೆ ನೀವು ಏನೂ ಹೇಳಿಲ್ಲ. ಬ್ರಿಟಿಷ್ ಪದ್ಧತಿಯಲ್ಲಿ ತ್ರಿಕೋನ ಅಂದರೆ ಟ್ಯಾಂಕ್ ಪಡೆಯ ‘ಎ’ ಸ್ಕ್ವಾಡ್ರನ್ (ತುಕಡಿ), ಚೌಕ ‘ಬಿ’, ವೃತ್ತ ‘ಸಿ’. ಅಂದರೆ ಈ ಟ್ಯಾಂಕ್ ಅಮೆರಿಕನ್ನರದಲ್ಲ, ಬ್ರಿಟಿಷ್ ಅಥವಾ ಭಾರತೀಯ ಪಡೆಯದು.

ನನಗೆ ಬೇಜಾರಾಗಿದ್ದು ಬೆಕ್ಕಿನ ವಿಷಯಕ್ಕೆ. ಪಕ್ಕದ ಜೀಪಿನ ಮಡ್‌ಗಾರ್ಡ್ ಮೇಲೆ ‘ಯಾರೋ ತಮಾಷೆಗೆ ಬಿಡಿಸಿದ ಬೆಕ್ಕು’ ಅಂತ ಒಂದೇ ಸಾಲಿನಲ್ಲಿ ದಾಟಿಹೋಗಿದ್ದೀರಿ. ಆ ಕಪ್ಪು ಬೆಕ್ಕು ಆಗಿನ ಭಾರತೀಯ ಸೇನೆಯ ಒಂದು ದೊಡ್ಡ ಪಡೆಯಾದ 17ನೇ ಇಂಡಿಯನ್ ಡಿವಿಷನ್ನಿನ ಚಿಹ್ನೆ! ಆ ಡಿವಿಷನ್ 1944ರಲ್ಲಿ ಇಂಫಾಲದಲ್ಲೂ ಇತ್ತು, ಹಾಗಾಗಿ ಬೆಕ್ಕೊಂದೇ ಸಾಲದು. ಆದರೆ ಇಂಫಾಲದಲ್ಲಿ ಕಾದಾಡಿದ 254ನೇ ಟ್ಯಾಂಕ್ ಬ್ರಿಗೇಡಿನ ಬಳಿ ಇದ್ದದ್ದು ಲೀ ಮತ್ತು ಸ್ಟುವರ್ಟ್ ಟ್ಯಾಂಕುಗಳು. ಶರ್ಮನ್ ಇದ್ದದ್ದು 255ನೇ ಬ್ರಿಗೇಡಿಗೆ. ಅವು ಫೆಬ್ರವರಿ 1945ರಲ್ಲಿ ತೆಪ್ಪಗಳ ಮೇಲೆ ಇರವಾಡಿ ನದಿ ದಾಟಿ, 17ನೇ ಡಿವಿಷನ್ ಜೊತೆ ಮಧ್ಯ ಬರ್ಮಾದ ಮೈಕ್ಟಿಲಾ ಪಟ್ಟಣದ ಕಡೆ ನುಗ್ಗಿದವು. ಫೋಟೋದ ಹಿನ್ನೆಲೆಯಲ್ಲಿ ಬೋಳು ಬಯಲು, ನಾಲ್ಕು ತಾಳೆಮರ. ಇಂಫಾಲದ ಬೆಟ್ಟ ಎಲ್ಲಿದೆ ಹೇಳಿ? ಇದು 1944ರ ಇಂಫಾಲ ಅಲ್ಲ, 1945ರ ಮೈಕ್ಟಿಲಾ ಕಡೆಯದು ಅನ್ನಿಸುತ್ತದೆ.

ಒಂದು ಎಚ್ಚರಿಕೆ. ಎಲ್ಲ ಚಿಹ್ನೆಯೂ ಹೀಗೆ ಕೈಗೆ ಸಿಗುವುದಿಲ್ಲ. ಆಗಿನ ಹಲವು ಫಿಲಂಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲ, ಕಪ್ಪಾಗಿ ಬೀಳುತ್ತಿತ್ತು. 5ನೇ ಇಂಡಿಯನ್ ಡಿವಿಷನ್ನಿನದು ಕಪ್ಪಿನ ಮೇಲೆ ಕೆಂಪು ಉಂಡೆ. ಅಂಥ ಫಿಲಂನಲ್ಲಿ ಅದು ಬರೀ ಕಪ್ಪು ಚೌಕ. (ಸೈನಿಕರು ಆ ಉಂಡೆಗೆ ಇಟ್ಟ ಅಡ್ಡಹೆಸರನ್ನು ನಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಲಾಗದು.) ಕೆಲವು ಸಲ ಸೆನ್ಸಾರಿನವರೇ ಚಿಹ್ನೆ ಕೆರೆದು ಹಾಕಿರುತ್ತಾರೆ. ಅಂಥ ಕಡೆ ‘ಕಾಣುತ್ತಿಲ್ಲ’ ಅಂತ ಬರೆಯಿರಿ, ನಾಚಿಕೆ ಏನಿಲ್ಲ. ನಿಮ್ಮ ಲೇಖನದಲ್ಲಿ ‘ನಿಸ್ಸಂದೇಹವಾಗಿ’ ಹನ್ನೊಂದು ಸಲ ಬಂದಿದೆ, ಎಣಿಸಿದೆ.

ಬರವಣಿಗೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಿಟ್ಲರ್ ಪೋಲೆಂಡಿಗೆ ನುಗ್ಗಿದಲ್ಲಿಂದ ಶುರು ಮಾಡಿದ್ದೀರಿ, ಅಜ್ಜ ಬರುವುದು ನಾಲ್ಕನೇ ಪುಟಕ್ಕೆ. ಮೊದಲ ಮೂರು ಪುಟ ತೆಗೆದುಹಾಕಿ. ಕೊನೇ ಪುಟದಲ್ಲಿ ಒಂದು ಸಾಲಿದೆ: ಮೊದಲ ಫೋಟೋದ ಹಿಂದೆ ಅಜ್ಜ ಪೆನ್ಸಿಲಿನಲ್ಲಿ ‘ನೀರಿಲ್ಲ, ಎರಡು ದಿನ’ ಅಂತ ಬರೆದಿದ್ದಾರೆ ಅಂತ. ಮೈಕ್ಟಿಲಾ ಇರುವುದು ಬರ್ಮಾದ ಒಣ ಪ್ರದೇಶದಲ್ಲಿ, ಅದೂ ಬೇಸಿಗೆ ಶುರುವಿನಲ್ಲಿ. ನಿಮ್ಮ ಹತ್ತು ಪುಟದಲ್ಲಿ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ, ಮತ್ತು ಇದನ್ನು ಅಡಿಟಿಪ್ಪಣಿಯಲ್ಲಿ ಬಚ್ಚಿಟ್ಟಿದ್ದೀರಿ. ಲೇಖನ ಅಲ್ಲಿಂದಲೇ ಶುರುವಾಗಲಿ.

ಮತ್ತೆ ಕಳಿಸುವಾಗ ಎರಡೂ ಫೋಟೋಗಳ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಅಂಟು ಬಿಡದಿದ್ದರೆ ಎಳೆಯಬೇಡಿ, ಪೆನ್ಸಿಲ್ ಅಕ್ಷರ ಆಲ್ಬಮ್ಮಿನ ಕಾಗದಕ್ಕೇ ಹತ್ತಿಕೊಂಡು ಹೋಗುತ್ತದೆ.

— ಸಂಪಾದಕ